ಉಂಡೆದ್ದ ಎಲೆ ನೋಡಿ: ಸಮ್ಮೇಳನಕ್ಕೆ ಬಂದವರ ಅನುಭವ ಅಳೆಯುವುದು ಹೇಗೆ?

ಮದುವೆ ಮನೆಯಲ್ಲಿ ಕೈ ತೊಳೆಯಲು ಹೊರಟವರನ್ನು ಹಿಡಿದು ನಿಲ್ಲಿಸಿ "ಊಟ ಹ್ಯಾಂಗಿತ್ತು?" ಅಂತ ಕೇಳಿ ನೋಡಿ. "ಭರ್ಜರಿ ಆಗಿತ್ತು ಮಾರಾಯ್ರೆ" ಎಂಬ ಉತ್ತರವೇ ಬರುತ್ತದೆ. ಹುಳಿಗೆ ಉಪ್ಪು ಬಿದ್ದಿರಲಿ, ಬೀಳದಿರಲಿ, ಮನೆಯ ಯಜಮಾನರ ಮುಖ ನೋಡಿ ಬೇರೆ ಮಾತು ಹೇಳುವುದು ಹೇಗೆ? ಅನುಭವಸ್ಥ ಅಡುಗೆಯವರು ಈ ಪ್ರಶ್ನೆಯನ್ನೇ ಕೇಳುವುದಿಲ್ಲ. ಪಂಕ್ತಿ ಎದ್ದ ಮೇಲೆ ಎಲೆ ಎತ್ತುವ ಮುಂಚೆ ಒಂದು ಸುತ್ತು ಹಾಕುತ್ತಾರೆ. ಯಾವುದು ಎಲೆಯ ತುದಿಯಲ್ಲೇ ಉಳಿದಿದೆ, ಯಾವುದರ ಪಾತ್ರೆ ಎರಡನೇ ಸಲ ಖಾಲಿಯಾಗಿದೆ ಎಂದು ನೋಡಿದರೆ ಅವರಿಗೆ ಸಾಕು.

ವೃತ್ತಿಪರರ ಸಮ್ಮೇಳನಗಳಲ್ಲಿ ಕೊನೆಗೆ ಹಂಚುವ ಫೀಡ್‌ಬ್ಯಾಕ್ ಹಾಳೆ ಕೈ ತೊಳೆಯುವ ಜಾಗದ ಪ್ರಶ್ನೆಯಿದ್ದ ಹಾಗೆ. ಅದು ಬಂದವರ ಸೌಜನ್ಯವನ್ನು ಅಳೆಯುತ್ತದೆ, ಅನುಭವವನ್ನಲ್ಲ.

ಈ ವಿಷಯಕ್ಕೆ ಈಗ ಮಹತ್ವ ಬಂದಿರುವುದಕ್ಕೆ ಕಾರಣವಿದೆ. ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಗಿ, ಅದೇ ವರ್ಷದ ಆಗಸ್ಟ್ 31ರಿಂದ ವಿಮಾನ ಹಾರಾಟ ಶುರುವಾಯಿತು. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ, ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ, ಊರೊಳಗೆ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳು ಮೊದಲೇ ಇದ್ದವು. ಹೊರಗಿನವರನ್ನು ಕರೆಸಿ ಎರಡು ದಿನದ ಸಮ್ಮೇಳನ ಮಾಡುವುದು ಶಿವಮೊಗ್ಗಕ್ಕೆ ಈಗ ಸುಲಭವಾಗಿದೆ. ಆದರೆ ಸಂಘಟಿಸುವ ಹೊರೆ ಬೀಳುವುದು ಇದನ್ನು ಹಿಂದೆಂದೂ ಮಾಡದ ಅಧ್ಯಾಪಕರು, ವೈದ್ಯರು, ಅಧಿಕಾರಿಗಳ ಮೇಲೆ. ಮುಗಿದ ಮೇಲೆ "ವರದಿ ಕೊಡಿ, ಫೀಡ್‌ಬ್ಯಾಕ್ ಲಗತ್ತಿಸಿ" ಎಂಬ ಪತ್ರವೂ ಅವರ ಮೇಜಿಗೇ ಬರುತ್ತದೆ.

ಅನುಭವ ಅಂದರೆ ಏನನ್ನು ಎಣಿಸಬೇಕು?

ಪ್ರತಿನಿಧಿಯೊಬ್ಬರು ಸಮ್ಮೇಳನಕ್ಕೆ ಬರುವುದು ಹೊಸದನ್ನು ತಿಳಿಯಲು, ತಮ್ಮ ಕೆಲಸದವರೇ ಆದ ನಾಲ್ಕು ಜನರನ್ನು ಕಾಣಲು. ಪ್ರಮಾಣಪತ್ರವೋ ಕ್ರೆಡಿಟ್ ಅಂಕವೋ ಬೇಕಾಗಿ ಬರುವವರೂ ಇದ್ದಾರೆ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ವೈದ್ಯರ ನಡವಳಿಕೆ ಕುರಿತ 2002ರ ನಿಯಮಾವಳಿಯೇ ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಮುಂದುವರಿದ ಶಿಕ್ಷಣದಲ್ಲಿ ಪಾಲ್ಗೊಳ್ಳಬೇಕು ಎನ್ನುತ್ತದೆ. ಇವಕ್ಕೆಲ್ಲ ತಳಪಾಯವಾಗಿ ನಿಲ್ಲುವುದು ವ್ಯವಸ್ಥೆ: ಕುರ್ಚಿ, ಧ್ವನಿ, ಊಟ, ಶೌಚಾಲಯ, ವಸತಿ, ವಾಪಸ್ ಬಸ್ಸು. ವ್ಯವಸ್ಥೆ ಚೆನ್ನಾಗಿದ್ದರೆ ಯಾರೂ ಗಮನಿಸುವುದಿಲ್ಲ. ಕೆಟ್ಟರೆ ಬೇರೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ.

ಇನ್ನೊಂದು ಅಂಶ ನಿರೀಕ್ಷೆ. ಸೇವೆಯ ಗುಣಮಟ್ಟವೆಂದರೆ ನಿರೀಕ್ಷಿಸಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ಅಂತರ ಎಂಬ ಮಾದರಿಯನ್ನು ಪರಶುರಾಮನ್ ಮತ್ತು ಇಬ್ಬರು ಸಹ ಸಂಶೋಧಕರು 1985ರಲ್ಲಿ ಮುಂದಿಟ್ಟರು. ಅಡಿಕೆ ಹಾಳೆಯ ತಟ್ಟೆಯಲ್ಲಿ ಕೊಟ್ಟ ಅದೇ ಕಡುಬು, ಅದೇ ಚಟ್ನಿ. ಇಲಾಖೆಯ ಖರ್ಚಿನಲ್ಲಿ ಬಂದವರಿಗೆ ಅದು ಹಬ್ಬ, ಕೈಯಿಂದ ದೊಡ್ಡ ನೋಂದಣಿ ಶುಲ್ಕ ಕಟ್ಟಿ ಬಂದವರಿಗೆ ಕಡಿಮೆ. ಆದ್ದರಿಂದ ಅಳತೆ ಶುರುವಾಗಬೇಕಾದದ್ದು ನೋಂದಣಿ ಅರ್ಜಿಯಲ್ಲಿ. ಅಲ್ಲಿ "ಮುಖ್ಯವಾಗಿ ಯಾವುದಕ್ಕಾಗಿ ಬರುತ್ತಿದ್ದೀರಿ?" ಎಂಬ ಒಂದೇ ಪ್ರಶ್ನೆ ಇದ್ದರೆ ಸಾಕು. ಕೊನೆಯಲ್ಲಿ "ಅದು ಸಿಕ್ಕಿತೇ?" ಎಂದು ಕೇಳಲು ಆಧಾರ ಸಿಗುತ್ತದೆ. ಈ ಪ್ರಶ್ನೆ ಬಿಟ್ಟುಹೋದ ಸಮ್ಮೇಳನದ ಅಂಕಿಗಳನ್ನು ಆಮೇಲೆ ಎಷ್ಟು ಹಿಂಡಿದರೂ ರಸ ಬರುವುದಿಲ್ಲ.

ಖುಷಿಯಾಗುವುದು ಬೇರೆ, ಕಲಿಯುವುದು ಬೇರೆ

ತರಬೇತಿಯ ಮೌಲ್ಯಮಾಪನವನ್ನು ನಾಲ್ಕು ಮೆಟ್ಟಿಲಾಗಿ ವಿಂಗಡಿಸಿದವರು ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್. 1959ರಲ್ಲಿ ಬರೆದ ಲೇಖನಗಳಿಂದ ಶುರುವಾದ ಈ ಕ್ರಮ ಈಗಲೂ ಬಳಕೆಯಲ್ಲಿದೆ. ಇಷ್ಟವಾಯಿತೇ, ತಿಳಿಯಿತೇ, ಮಾಡಿದಿರೇ, ಅದರಿಂದ ಫಲ ಸಿಕ್ಕಿತೇ ಎಂಬುವೇ ಆ ಮೆಟ್ಟಿಲುಗಳು.

ಉದಾಹರಣೆಗೆ, ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ಅಡಿಕೆಯ ರೋಗಗಳ ಬಗ್ಗೆ ಎರಡು ದಿನದ ಸಮ್ಮೇಳನವಿದೆ ಅಂದುಕೊಳ್ಳೋಣ. ತೋಟಗಾರಿಕೆ ಅಧಿಕಾರಿಗಳು, ಸಂಶೋಧಕರು, ಸಹಕಾರ ಸಂಘಗಳ ಕ್ಷೇತ್ರ ಸಿಬ್ಬಂದಿ ಸೇರಿ 240 ಪ್ರತಿನಿಧಿಗಳು. ಕೊಳೆರೋಗದ ಗೋಷ್ಠಿ ಮುಗಿದಾಗ ಚಪ್ಪಾಳೆ ಬಿತ್ತು. ಇದು ಮೊದಲ ಮೆಟ್ಟಿಲು. ಎರಡನೆಯದಕ್ಕೆ ಗೋಷ್ಠಿಯ ಮುಂಚೆ ಮತ್ತು ನಂತರ ಅವೇ ಮೂರು ಪ್ರಶ್ನೆಗಳ ಚೀಟಿ ಕೊಡಬೇಕು. ಕೊಳೆರೋಗಕ್ಕೆ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಮೈಲುತುತ್ತ ಎಷ್ಟು, ಸುಣ್ಣ ಎಷ್ಟು? (ತಲಾ 1 ಕಿಲೋ.) ಯಾವುದನ್ನು ಯಾವುದಕ್ಕೆ ಸುರಿಯಬೇಕು? (ತುತ್ತದ ನೀರನ್ನು ಸುಣ್ಣದ ನೀರಿಗೆ, ತಿರುಗಾ ಮುರುಗಾ ಅಲ್ಲ.) ದ್ರಾವಣಕ್ಕೆ ಅದ್ದಿ ತೆಗೆದ ಕಬ್ಬಿಣದ ಚಾಕು ಕೆಂಪಗಾದರೆ ಏನು ಮಾಡಬೇಕು? (ಇನ್ನಷ್ಟು ಸುಣ್ಣ ಸೇರಿಸಬೇಕು.)

ಇದರಿಂದ ಕಾಣುವುದು ಸ್ವಾರಸ್ಯವಾಗಿರುತ್ತದೆ. ಮೊದಲೇ ಮೂರಕ್ಕೆ ಮೂರೂ ಸರಿ ಬರೆದವರು ಬಹಳವಿದ್ದರೆ ಆ ಗೋಷ್ಠಿ ಗೊತ್ತಿದ್ದವರಿಗೇ ಪಾಠ ಹೇಳಿದೆ. ನಂತರವೂ ಎರಡನೇ ಪ್ರಶ್ನೆಗೆ ತಪ್ಪು ಉತ್ತರಗಳೇ ಬಂದರೆ ಭಾಷಣಕ್ಕೆ ಚಪ್ಪಾಳೆ ಬಿದ್ದಿದೆ, ವಿಷಯ ದಾಟಿಲ್ಲ. ಚೀಟಿಗೆ ಹೆಸರು ಬೇಡ. ಮುಂಚಿನದಕ್ಕೂ ನಂತರದ್ದಕ್ಕೂ ಒಂದೇ ಸಂಖ್ಯೆ ಅಚ್ಚಾಗಿದ್ದರೆ ಹೋಲಿಸಲು ಸಾಕು.

ಕೊನೆಯ ಹಾಳೆ ಯಾಕೆ ಕೈಕೊಡುತ್ತದೆ?

ಎರಡನೇ ದಿನ ಸಂಜೆ ಐದೂವರೆಗೆ ವಂದನಾರ್ಪಣೆ. ಆ ಹೊತ್ತಿಗೆ ಹೊಸನಗರದ ಒಳಹಳ್ಳಿಗೆ ಹೋಗಬೇಕಾದವರು ನಾಲ್ಕಕ್ಕೇ ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡ್ ಸೇರಿರುತ್ತಾರೆ. ಕೊನೆ ಬಸ್ಸು ತಪ್ಪಿದರೆ ರಾತ್ರಿ ಇಲ್ಲೇ. ರೈಲಿನವರದೂ ಅದೇ ಕತೆ. ಸಭಾಂಗಣದಲ್ಲಿ ಉಳಿಯುವವರು ಊರಿನವರು, ಸಂಘಟಕರ ಸ್ನೇಹಿತರು, ಪ್ರಮಾಣಪತ್ರಕ್ಕೆ ಕಾದವರು. 240ರಲ್ಲಿ 70 ಹಾಳೆ ಬಂದವು ಎಂದರೆ ಸಂಖ್ಯೆ ಕಡಿಮೆಯಾಯಿತು ಎಂಬುದಷ್ಟೇ ತೊಂದರೆಯಲ್ಲ. ಅತಿ ದೂರದಿಂದ ಬಂದು ಅತಿ ಹೆಚ್ಚು ಕಷ್ಟಪಟ್ಟವರೇ ಆ 70ರಲ್ಲಿ ಇಲ್ಲ. ಅಂಕಿಶಾಸ್ತ್ರದಲ್ಲಿ ಇದನ್ನು ಉತ್ತರಿಸದವರಿಂದಾಗುವ ವಾಲಿಕೆ ಎನ್ನಬಹುದು. ತಕ್ಕಡಿಯ ಒಂದು ತಟ್ಟೆಗೆ ಮಾತ್ರ ಅಡಿಕೆ ಹಾಕಿ ತೂಗಿದ ಹಾಗೆ.

ಹಾಳೆ ಕೊಟ್ಟವರಿಗೆ ಮಾತ್ರ ಪ್ರಮಾಣಪತ್ರ ಎಂಬ ನಿಯಮ ಹಾಕಿದರೆ ಹಾಳೆಗಳೇನೋ ಬರುತ್ತವೆ. ಕಾಲಂ ಪೂರ್ತಿ ಒಂದೇ ಗೆರೆ ಎಳೆದ ಹಾಗೆ "ಅತ್ಯುತ್ತಮ, ಅತ್ಯುತ್ತಮ" ಎಂದು ಟಿಕ್ ಹಾಕಿದ ಹಾಳೆಗಳು. ಅವನ್ನು ಎಣಿಸುವ ಬದಲು ತೂಗಿ ರದ್ದಿಗೆ ಹಾಕಿದರೆ ಸಮಯವಾದರೂ ಉಳಿದೀತು.

ಮನಸ್ಸಿನ ಲೆಕ್ಕವೂ ಒಂದಿದೆ. ಅನುಭವ ನೆನಪಾಗಿ ಉಳಿಯುವಾಗ ಅದರ ತುತ್ತತುದಿಯ ಕ್ಷಣ ಮತ್ತು ಕೊನೆಯ ಕ್ಷಣಕ್ಕೆ ತೂಕ ಜಾಸ್ತಿ, ಒಟ್ಟು ಅವಧಿಗೆ ಕಡಿಮೆ. ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ತೋರಿಸಿತು. ಒಂದು ಕೈಯನ್ನು 14 ಡಿಗ್ರಿ ತಣ್ಣೀರಿನಲ್ಲಿ 60 ಸೆಕೆಂಡ್ ಇಡಬೇಕು. ಇನ್ನೊಂದು ಕೈಯನ್ನು ಅಷ್ಟೇ ಹೊತ್ತು ಇಟ್ಟು, ಮೇಲೆ 30 ಸೆಕೆಂಡ್ ಜಾಸ್ತಿ ಇಡಬೇಕು, ಆದರೆ ಆ 30 ಸೆಕೆಂಡಿನಲ್ಲಿ ನೀರು ನಿಧಾನಕ್ಕೆ 15 ಡಿಗ್ರಿಯಾಗುತ್ತದೆ. ಯಾವುದನ್ನು ಮತ್ತೊಮ್ಮೆ ಮಾಡುತ್ತೀರಿ ಎಂದಾಗ 32 ಜನರಲ್ಲಿ 22 ಮಂದಿ ಆರಿಸಿದ್ದು ಹೆಚ್ಚು ಹೊತ್ತಿನದನ್ನೇ. ಕೊನೆಯಲ್ಲಿ ಬಿಸಿ ಕಷಾಯ, ಒಳ್ಳೆ ಯಕ್ಷಗಾನದ ತುಣುಕು ಇಟ್ಟು ಆಮೇಲೆ ಹಾಳೆ ಹಂಚಿದರೆ ಬೆಳಿಗ್ಗೆ ಕ್ಯೂನಲ್ಲಿ ಒಂದು ತಾಸು ಕಾದದ್ದು ಹಾಳೆಯಲ್ಲಿ ಕಾಣಿಸುವುದಿಲ್ಲ. ಕಾರ್ಯಕ್ರಮದ ಮಟ್ಟಿಗೆ ಅದು ಒಳ್ಳೆಯದೇ, ಅಳತೆಯ ಮಟ್ಟಿಗೆ ಅಲ್ಲ.

ಪರಿಹಾರವೆಂದರೆ ಒಂದು ಉದ್ದ ಹಾಳೆಯ ಬದಲು ಚಿಕ್ಕ ಚೀಟಿಗಳು. ಪ್ರತಿ ಗೋಷ್ಠಿಯಿಂದ ಹೊರಬರುವಾಗ ಎರಡೇ ಪ್ರಶ್ನೆ: "ನಿಮ್ಮ ಕೆಲಸಕ್ಕೆ ಉಪಯೋಗ ಬೀಳುವಂಥದ್ದು ಸಿಕ್ಕಿತೇ?", "ಅರ್ಥವಾಗದೆ ಉಳಿದದ್ದು ಯಾವುದು?" ಮೊದಲ ದಿನದ ಸಂಜೆ ವ್ಯವಸ್ಥೆಯ ಬಗ್ಗೆ ನಾಲ್ಕು ಪ್ರಶ್ನೆ. ತಪ್ಪು ಗೊತ್ತಾದರೆ ಮರುದಿನವೇ ಸರಿಪಡಿಸಬಹುದು. ಮುಗಿದ 48 ಗಂಟೆಯೊಳಗೆ ಎಂಟು ಹತ್ತು ಪ್ರಶ್ನೆಗಳ ಒಂದು ಫಾರಂ ವಾಟ್ಸಾಪ್‌ನಲ್ಲಿ ಕಳಿಸಬೇಕು, ಮೂರು ದಿನ ಬಿಟ್ಟು ಒಂದೇ ಒಂದು ಸಲ ನೆನಪಿಸಬೇಕು. ಸಭಾಂಗಣದಲ್ಲಿ ಕ್ಯೂಆರ್ ಕೋಡ್ ಅಂಟಿಸಿ ಸುಮ್ಮನಾಗಬೇಡಿ. ಮಲೆನಾಡಿನಲ್ಲಿ ನೆಟ್‌ವರ್ಕ್ ಗೋಡೆಯಿಂದ ಗೋಡೆಗೆ ಬದಲಾಗುತ್ತದೆ. ಬಾಗಿಲ ಬಳಿ "ಸಿಕ್ಕಿತು", "ಸ್ವಲ್ಪ ಸಿಕ್ಕಿತು", "ಸಿಗಲಿಲ್ಲ" ಎಂದು ಬರೆದ ಮೂರು ಡಬ್ಬಿ, ಕೈಗೊಂದು ಬಣ್ಣದ ಚೀಟಿ ಇದ್ದರೆ ಕರೆಂಟು ಹೋದರೂ ನಡೆಯುತ್ತದೆ. (ಚೀಟಿಯ ಬದಲು ಅಡಿಕೆ ಕೊಡಬಹುದು ಅನ್ನಿಸೀತು. ಕೆಲವರು ಡಬ್ಬಿಗೆ ಹಾಕುವ ಬದಲು ಬಾಯಿಗೆ ಹಾಕಿಕೊಂಡಾರು.) ಡಬ್ಬಿಯ ಪಕ್ಕದಲ್ಲಿ ಸಂಪನ್ಮೂಲ ವ್ಯಕ್ತಿಯಾಗಲಿ ಪ್ರಾಂಶುಪಾಲರಾಗಲಿ ನಿಲ್ಲಬಾರದು.

ಪ್ರಶ್ನೆಯ ಒಳಗಿನ ತಪ್ಪುಗಳು

"ಊಟ ಮತ್ತು ವಸತಿ ಹೇಗಿತ್ತು?" ಎಂಬುದು ಎರಡು ಪ್ರಶ್ನೆ. ಊಟ ಚೆನ್ನಾಗಿದ್ದು ರೂಮಿನಲ್ಲಿ ಬಿಸಿನೀರು ಬಾರದವರು ಏನು ಬರೆಯಬೇಕು? "ನಮ್ಮ ಸುಸಜ್ಜಿತ ಸಭಾಂಗಣ ನಿಮಗೆ ಮೆಚ್ಚುಗೆಯಾಯಿತೇ?" ಎಂಬುದು ಪ್ರಶ್ನೆಯೇ ಅಲ್ಲ, ಉತ್ತರವನ್ನು ಬಾಯಿಗೆ ತುರುಕುವುದು.

ಆಯ್ಕೆಗಳಲ್ಲಿ ಮೋಸ ಇನ್ನೂ ಸೂಕ್ಷ್ಮ. "ಅತ್ಯುತ್ತಮ, ಉತ್ತಮ, ಚೆನ್ನಾಗಿತ್ತು, ಸಾಧಾರಣ" ಎಂಬ ನಾಲ್ಕರಲ್ಲಿ ಮೂರು ಹೊಗಳಿಕೆ. ಬಯ್ಯಬೇಕೆಂದವರಿಗೂ ಜಾಗವಿಲ್ಲ. ಮನೋಭಾವ ಅಳೆಯಲು ಮನೋವಿಜ್ಞಾನಿ ರೆನ್ಸಿಸ್ ಲಿಕರ್ಟ್ 1932ರಲ್ಲಿ ರೂಪಿಸಿದ ಐದು ಹಂತದ ಅಳತೆಯಲ್ಲಿ ಮಧ್ಯಬಿಂದುವಿನ ಎರಡೂ ಕಡೆ ಸಮನಾದ ಮೆಟ್ಟಿಲುಗಳಿರುತ್ತವೆ. ಕನ್ನಡದಲ್ಲಿ ಇದನ್ನು ಬರೆಯುವಾಗ ಒಂದು ವಿಶೇಷ ಎಚ್ಚರ ಬೇಕು. "ಪರವಾಗಿಲ್ಲ" ಎಂಬ ಪದವನ್ನು ಮಧ್ಯದ ಆಯ್ಕೆಯಾಗಿ ಇಡಬಾರದು. ಒಬ್ಬರು "ಪರವಾಗಿಲ್ಲವೇ!" ಎಂದು ಹುಬ್ಬೇರಿಸಿ ಮೆಚ್ಚುತ್ತಾರೆ, ಇನ್ನೊಬ್ಬರು ಮುಖ ಸಿಂಡರಿಸಿ ಸಹಿಸಿಕೊಂಡೆ ಎನ್ನುತ್ತಾರೆ. "ಅಡ್ಡಿಯಿಲ್ಲ" ಎಂಬುದಂತೂ ಹೇಳುವ ದನಿಯ ಮೇಲೆ ನಿಂತ ಪದ, ಹಾಳೆಯ ಮೇಲೆ ದನಿ ಕೇಳಿಸುವುದಿಲ್ಲ.

ಹಾಗಾಗಿ ವಿಶೇಷಣಗಳನ್ನು ಬಿಟ್ಟು ನಡೆದ ಸಂಗತಿ ಕೇಳುವುದು ವಾಸಿ. "ಧ್ವನಿವ್ಯವಸ್ಥೆ ಹೇಗಿತ್ತು?" ಎನ್ನುವ ಬದಲು "ನೀವು ಕುಳಿತಲ್ಲಿಗೆ ಮಾತು ಪೂರ್ತಿ ಕೇಳಿಸಿತೇ, ಆಗಾಗ ತಪ್ಪಿತೇ, ಹೆಚ್ಚಿನಂಶ ಕೇಳಿಸಲಿಲ್ಲವೇ? ಯಾವ ಸಾಲಿನಲ್ಲಿದ್ದಿರಿ?" ಎಂದು ಕೇಳಿ. "ಹೊಸ ಪರಿಚಯಗಳಾದವೇ?" ಎನ್ನುವ ಬದಲು "ಎಷ್ಟು ಜನರ ಫೋನ್ ನಂಬರ್ ತೆಗೆದುಕೊಂಡಿರಿ?" ಎಂದು ಕೇಳಿ. ಫಾರಂ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರಲಿ. ಅಚ್ಚು ಹಾಕಿಸುವ ಮುಂಚೆ ವಿಷಯ ಗೊತ್ತಿಲ್ಲದ ನಾಲ್ಕು ಜನರಿಂದ ತುಂಬಿಸಿ ನೋಡಿ. ಮೂರು ನಿಮಿಷ ದಾಟಿದರೆ ಪ್ರಶ್ನೆ ಕಡಿಮೆ ಮಾಡಬೇಕು.

ಕೇಳದೆಯೇ ತಿಳಿಯುವುದು

ಎಲೆ ನೋಡುವ ಕೆಲಸ ಇದು. ಇಬ್ಬರು ಮೂವರು ಸ್ವಯಂಸೇವಕರಿಗೆ ಇದನ್ನು ಬಿಟ್ಟು ಬೇರೆ ಕೆಲಸ ಕೊಡಬಾರದು. ನೀರಿನ ಬಾಟಲಿ ಹಂಚುವವರಿಗೇ ಎಣಿಸಲೂ ಹೇಳಿದರೆ ಎರಡೂ ಕೆಡುತ್ತದೆ.

ಮೊದಲ ಜಾಗ ನೋಂದಣಿ ಕೌಂಟರ್. ಒಬ್ಬರ ಹೆಸರು ಹುಡುಕಿ, ಸಹಿ ಹಾಕಿಸಿ, ಬ್ಯಾಡ್ಜ್ ಮತ್ತು ಕಿಟ್ ಕೊಡಲು ಒಂದೂವರೆ ನಿಮಿಷ ಹಿಡಿಯುತ್ತದೆ ಅನ್ನಿ. 240 ಜನಕ್ಕೆ 360 ನಿಮಿಷದ ಕೆಲಸ. ಎಲ್ಲರೂ ಬರುವುದು ಎಂಟೂವರೆಯಿಂದ ಒಂಬತ್ತೂವರೆಯೊಳಗೆ. ಅಂದರೆ ಆರು ಕೌಂಟರ್ ಬೇಕು, ಇಡುವುದು ಸಾಮಾನ್ಯವಾಗಿ ಎರಡೋ ಮೂರೋ. ಅದೇ ಸಾಲಿನಲ್ಲಿ ಸ್ಥಳದಲ್ಲೇ ಹಣ ಕಟ್ಟುವವರೂ ನಿಂತರೆ, ಒಬ್ಬರ ಯುಪಿಐ ಸುತ್ತುತ್ತಾ ನಿಂತಾಗ ಹಿಂದಿನ ಇಪ್ಪತ್ತು ಜನ ನಿಲ್ಲುತ್ತಾರೆ. ಅವರ ಸಾಲು ಬೇರೆಯೇ ಇರಬೇಕು.

ಕಾಯುವ ಹೊತ್ತನ್ನು ಅಳೆಯಲು ಎಲ್ಲರ ಹಿಂದೆ ಗಡಿಯಾರ ಹಿಡಿದು ಓಡಬೇಕಿಲ್ಲ. ಸಾಲಿನಲ್ಲಿರುವವರ ಸಂಖ್ಯೆಯನ್ನು ನಿಮಿಷಕ್ಕೆ ಕೌಂಟರ್ ದಾಟುವವರ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಕಾಯುವ ಸಮಯ ಸಿಗುತ್ತದೆ. ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರದ ಸರಳ ರೂಪ ಇದು. ಸಾಲಿನಲ್ಲಿ 30 ಜನ, ನಿಮಿಷಕ್ಕೆ ದಾಟುವವರು 3 ಮಂದಿ ಎಂದರೆ 10 ನಿಮಿಷ. ಹತ್ತು ನಿಮಿಷಕ್ಕೊಮ್ಮೆ ತಲೆ ಎಣಿಸಿ ಬರೆದಿಟ್ಟರೆ ಆಯಿತು. ಊಟದ ಸಾಲಿಗೂ ಇದೇ ಲೆಕ್ಕ. ಮೇಜಿನ ಒಂದೇ ಕಡೆಯಿಂದ ನಿಮಿಷಕ್ಕೆ 6 ಜನ ಬಡಿಸಿಕೊಂಡು ಹೋದರೆ 240 ಜನಕ್ಕೆ 40 ನಿಮಿಷ. ಮೇಜನ್ನು ಗೋಡೆಯಿಂದ ನಾಲ್ಕು ಅಡಿ ಮುಂದಕ್ಕೆಳೆದು ಎರಡೂ ಕಡೆ ಬಡಿಸಿದರೆ 20.

ಎರಡನೆಯದು ಗಡಿಯಾರ. ಪ್ರತಿ ಗೋಷ್ಠಿ ಕಾರ್ಯಕ್ರಮ ಪಟ್ಟಿಯಂತೆ ಯಾವಾಗ ಶುರುವಾಗಬೇಕಿತ್ತು, ಯಾವಾಗ ಶುರುವಾಯಿತು, ಸಂವಾದಕ್ಕೆ ನಿಜಕ್ಕೂ ಎಷ್ಟು ನಿಮಿಷ ಸಿಕ್ಕಿತು ಎಂದು ಬರೆಯಬೇಕು. ಉದ್ಘಾಟಕರು ಒಂದೂಕಾಲು ಗಂಟೆ ತಡವಾಗಿ ಬಂದು, ವೇದಿಕೆಯ ಹದಿನಾಲ್ಕು ಜನಕ್ಕೂ ಶಾಲು ಹೊದಿಸಿದ ದಿನ ಮೊದಲು ಕತ್ತರಿ ಬೀಳುವುದು ಪ್ರಶ್ನೋತ್ತರಕ್ಕೆ. ದೂರದಿಂದ ಬಂದವರು ಅದಕ್ಕೇ ಬಂದಿರುತ್ತಾರೆ.

ಮೂರನೆಯದು ಕೊನೆಯ ಸಾಲು. ಮೇ ತಿಂಗಳ ಮಧ್ಯಾಹ್ನದ ಮಳೆ ತಗಡಿನ ಶೀಟಿನ ಮೇಲೆ ಬಿದ್ದರೆ ಮೈಕ್ ಇದ್ದೂ ಇಲ್ಲದಂತೆ. ಮುಂದಿನ ಸಾಲಿನಲ್ಲಿ ಸ್ಪೀಕರ್ ಪಕ್ಕ ಕುಳಿತ ಸಂಘಟಕರಿಗೆ ಅದು ಗೊತ್ತೇ ಆಗುವುದಿಲ್ಲ. ಸ್ವಯಂಸೇವಕರೊಬ್ಬರು ಹಿಂದೆ ಕುಳಿತು, ಪರದೆಯ ಮೇಲಿನ ಅತಿ ಚಿಕ್ಕ ಅಕ್ಷರ ಓದಲಾಯಿತೇ, ಭಾಷಣಕಾರರು ಹೇಳಿದ ಅಂಕಿ ಕೇಳಿಸಿತೇ, ಕರೆಂಟು ಹೋಗಿ ಜನರೇಟರ್‌ಗೆ ಬದಲಾಗಿ ಪ್ರೊಜೆಕ್ಟರ್ ಮತ್ತೆ ಹೊತ್ತಿಕೊಳ್ಳಲು ಎಷ್ಟು ನಿಮಿಷ ಹಿಡಿಯಿತು ಎಂದು ಗುರುತು ಮಾಡಬೇಕು. ಜೊತೆಗೆ ಗೋಷ್ಠಿ ಶುರುವಾದ ಐದು ನಿಮಿಷಕ್ಕೆ, ಮಧ್ಯದಲ್ಲಿ, ಮುಗಿಯುವ ಮುಂಚೆ ಮೂರು ಸಲ ತಲೆ ಎಣಿಕೆ. 180 ಇದ್ದದ್ದು 95ಕ್ಕೆ ಇಳಿದಿದ್ದರೆ ಆ ಗೋಷ್ಠಿಗೆ ಬಂದ "ಅತ್ಯುತ್ತಮ"ಗಳೆಲ್ಲ ಎದ್ದು ಹೋಗದ 95 ಜನರವು.

ಮಾತಾಡಿಸುವುದು

ಚಹಾ ವಿರಾಮದಲ್ಲಿ ಹತ್ತು ಹನ್ನೆರಡು ಜನರನ್ನು ಐದೈದು ನಿಮಿಷ ಮಾತಾಡಿಸಿದರೆ ಹಾಳೆಯಲ್ಲಿ ಬಾರದ್ದು ಬರುತ್ತದೆ. ಕೇಳುವವರು ಸಂಘಟನಾ ಸಮಿತಿಯವರಾಗಿರಬಾರದು. "ಹೇಗಿದೆ ಸರ್?" ಎಂದರೆ "ಚೆನ್ನಾಗಿದೆ" ಎಂಬಲ್ಲಿಗೆ ಮಾತು ಮುಗಿಯುತ್ತದೆ. "ಬೆಳಿಗ್ಗೆ ಬಸ್ ಇಳಿದಲ್ಲಿಂದ ಹೇಳಿ ಮೇಡಂ, ಇಲ್ಲಿಗೆ ಹೇಗೆ ಬಂದ್ರಿ?" ಎಂದು ಶುರುಮಾಡಿದರೆ ಆಟೋದವರಿಗೆ ಸಭಾಂಗಣದ ಹೆಸರು ಗೊತ್ತಿರಲಿಲ್ಲ, ಗೇಟಿನಲ್ಲಿ ಫಲಕವಿರಲಿಲ್ಲ, ಒದ್ದೆ ಛತ್ರಿ ಇಡಲು ಜಾಗವಿರಲಿಲ್ಲ ಎಂಬುದೆಲ್ಲ ಒಂದೊಂದಾಗಿ ಹೊರಬೀಳುತ್ತದೆ.

ಅಂಕಿಗಳನ್ನು ಓದುವಾಗ

ಸರಾಸರಿ ಒಂದನ್ನೇ ನಂಬಬಾರದು. 40 ಜನರಲ್ಲಿ 20 ಮಂದಿ 5 ಅಂಕ, 20 ಮಂದಿ 1 ಅಂಕ ಕೊಟ್ಟರೂ ಸರಾಸರಿ 3. ಎಲ್ಲರೂ 3 ಕೊಟ್ಟರೂ 3. ಎರಡನೆಯದು ಸಪ್ಪೆ ಗೋಷ್ಠಿ. ಮೊದಲನೆಯದರಲ್ಲಿ ಸಂಶೋಧಕರಿಗೆ ಹಬ್ಬವಾಗಿ ಕ್ಷೇತ್ರ ಸಿಬ್ಬಂದಿಗೆ ತಲೆಬುಡ ತಿಳಿಯದೆ ಹೋಗಿರಬಹುದು. ಅದಕ್ಕೇ ಉತ್ತರಗಳನ್ನು ವೃತ್ತಿ, ಬಂದ ದೂರ, ಮೊದಲ ಸಲವೋ ಹಳಬರೋ ಎಂಬುದರ ಪ್ರಕಾರ ಬೇರೆ ಬೇರೆ ರಾಶಿ ಮಾಡಿ ನೋಡಬೇಕು. ರಾಶಿ ಚಿಕ್ಕದಾದರೆ ಶೇಕಡಾವಾರು ಬರೆಯಬೇಡಿ. 20 ಹಾಳೆಯಲ್ಲಿ ಒಂದು ಹಾಳೆ ಎಂದರೇ ಶೇಕಡಾ 5, ಒಬ್ಬರ ಮನಸ್ಸು ಬದಲಾದರೆ ಗ್ರಾಫ್ ಬದಲಾಗುತ್ತದೆ.

"ನಿಮ್ಮ ಸಹೋದ್ಯೋಗಿಗೆ ಈ ಸಮ್ಮೇಳನಕ್ಕೆ ಹೋಗು ಎನ್ನುತ್ತೀರಾ?" ಎಂದು 0ಯಿಂದ 10ರವರೆಗೆ ಅಂಕ ಕೇಳುವ ಪದ್ಧತಿಯನ್ನು 2003ರಲ್ಲಿ ಪ್ರಚಾರಕ್ಕೆ ತಂದವರು ಫ್ರೆಡ್ ರೈಕೆಲ್ಡ್. 9 ಮತ್ತು 10 ಕೊಟ್ಟವರ ಶೇಕಡಾವಾರಿನಿಂದ 0ಯಿಂದ 6 ಕೊಟ್ಟವರ ಶೇಕಡಾವಾರು ಕಳೆಯಬೇಕು. 7, 8 ಕೊಟ್ಟವರು ಎರಡೂ ಕಡೆ ಸೇರುವುದಿಲ್ಲ. 80 ಉತ್ತರಗಳಲ್ಲಿ ಮೊದಲ ಗುಂಪು 36, ಕೊನೆಯ ಗುಂಪು 16 ಎಂದರೆ ಶೇಕಡಾ 45ರಿಂದ ಶೇಕಡಾ 20 ಕಳೆದು 25. ಈ ಸಂಖ್ಯೆ ಯಾಕೆ ಹೀಗಾಯಿತು ಎಂದು ಹೇಳುವುದಿಲ್ಲ, ಅದಕ್ಕೆ "ಈ ಅಂಕ ಯಾಕೆ?" ಎಂಬ ಖಾಲಿ ಗೆರೆ ಪಕ್ಕದಲ್ಲಿರಬೇಕು.

ಆ ಗೆರೆಗಳಲ್ಲಿ ಬರೆದದ್ದನ್ನು ಇಬ್ಬರು ಬೇರೆ ಬೇರೆಯಾಗಿ ಓದಿ ಧ್ವನಿ, ಊಟ, ವಿಷಯ, ಸಮಯ, ಸಂಚಾರ ಎಂದು ವಿಂಗಡಿಸಿ, ಆಮೇಲೆ ತಾಳೆ ನೋಡಬೇಕು. ಎಣಿಕೆಯಲ್ಲಿ ದೊಡ್ಡದಾದದ್ದೇ ಮುಖ್ಯ ಎಂದಲ್ಲ. "ಪಾಯಸ ಸಿಹಿ ಜಾಸ್ತಿ" ಎಂದು ಮೂವತ್ತು ಜನ, "ಮಹಿಳೆಯರ ಶೌಚಾಲಯದ ಚಿಲಕ ಮುರಿದಿದೆ" ಎಂದು ಇಬ್ಬರು, "ವೇದಿಕೆಗೆ ಹತ್ತಲು ಇಳಿಜಾರು ಇರಲಿಲ್ಲ, ಗಾಲಿಕುರ್ಚಿಯಲ್ಲಿದ್ದ ನಾನು ಕೆಳಗಿಂದಲೇ ಪ್ರಬಂಧ ಓದಿದೆ" ಎಂದು ಒಬ್ಬರು ಬರೆದಿದ್ದರೆ ಮೊದಲು ಸರಿಯಾಗಬೇಕಾದದ್ದು ಕೊನೆಯ ಎರಡು.

ತಿಂಗಳುಗಳ ನಂತರದ ಫೋನು

ಮೂರನೇ ಮೆಟ್ಟಿಲನ್ನು, ಅಂದರೆ ಮಾಡಿದರೇ ಎಂಬುದನ್ನು, ಸಭಾಂಗಣದಲ್ಲಿ ಅಳೆಯಲು ಬರುವುದಿಲ್ಲ. 90 ದಿನ ಬಿಟ್ಟು 15–20 ಜನರಿಗೆ ಫೋನ್ ಮಾಡಬೇಕು. ಪರಿಚಯದವರನ್ನು ಆರಿಸದೆ, ನೋಂದಣಿ ಪಟ್ಟಿಯಲ್ಲಿ ಪ್ರತಿ ಹನ್ನೆರಡನೆಯ ಹೆಸರು ತೆಗೆದರೆ 240ಕ್ಕೆ 20 ಜನ ಸಿಗುತ್ತಾರೆ. ನಮ್ಮ ಉದಾಹರಣೆಯ ಸಮ್ಮೇಳನ ಮೇ ತಿಂಗಳಿನದು. ಬೋರ್ಡೋ ಸಿಂಪಡಣೆಯ ಮೊದಲ ಸುತ್ತು ಮುಂಗಾರಿಗೆ ಮುಂಚೆ, ಎರಡನೆಯದು 40–45 ದಿನ ಬಿಟ್ಟು. ಆಗಸ್ಟಿನಲ್ಲಿ ಫೋನ್ ಮಾಡಿದರೆ ಎರಡೂ ಸುತ್ತಿನ ಕತೆ ಕೇಳಬಹುದು. "ಅಲ್ಲಿ ಕೇಳಿದ್ದರಲ್ಲಿ ಒಂದನ್ನಾದರೂ ಮಾಡಿದಿರಾ? ಯಾವುದು? ಮಾಡದಿದ್ದರೆ ತಡೆದದ್ದು ಏನು?" ಮೂರನೇ ಪ್ರಶ್ನೆಗೆ "ಮಳೆ ಬಿಡಲಿಲ್ಲ, ಕೊನೆಗಾರರು (ಮರ ಹತ್ತಿ ಸಿಂಪಡಿಸುವವರು) ಸಿಗಲಿಲ್ಲ" ಎಂಬ ಉತ್ತರವೇ ಮತ್ತೆ ಮತ್ತೆ ಬಂದರೆ ಮುಂದಿನ ಸಲದ ಒಂದು ಗೋಷ್ಠಿಯ ವಿಷಯ ಸಿಕ್ಕಿತು.

ಇದಕ್ಕಾಗಿ ಫೋನ್ ನಂಬರ್ ಬಳಸುತ್ತೇವೆ ಎಂದು ನೋಂದಣಿ ಅರ್ಜಿಯಲ್ಲೇ ತಿಳಿಸಿ ಒಪ್ಪಿಗೆ ಪಡೆದಿರಬೇಕು. ವೈಯಕ್ತಿಕ ಮಾಹಿತಿ ರಕ್ಷಣೆಗೆಂದೇ 2023ರಲ್ಲಿ ಕಾಯ್ದೆ ಬಂದಿದೆ. ಪ್ರಾಯೋಜಕರಿಗೆ ಕೊಡುವ ವರದಿಯಲ್ಲಿ ಹೆಸರು, ನಂಬರ್ ಇರಬಾರದು. ಭಾಷಣಕಾರರಿಗೆ ಅವರವರ ಗೋಷ್ಠಿಯ ಅಂಕ ಅವರವರಿಗಷ್ಟೇ ಹೋಗಲಿ.

ಎರಡು ವಾರದೊಳಗೆ ಒಂದು ಪುಟದ ಸಾರಾಂಶವನ್ನು ಪ್ರತಿನಿಧಿಗಳಿಗೆ ವಾಪಸ್ ಕಳಿಸಿದರೆ ಮುಂದಿನ ಸಲ ಹಾಳೆ ತುಂಬುವ ಕೈಗಳು ಹೆಚ್ಚುತ್ತವೆ. ಆಗಸ್ಟಿನ ಫೋನಿನ ಟಿಪ್ಪಣಿಯನ್ನು ಅದೇ ಕಡತಕ್ಕೆ ಸೇರಿಸಿ ಮುಂದಿನ ಸಂಘಟಕರಿಗೆ ದಾಟಿಸಬೇಕು. ಸಮ್ಮೇಳನ ಮುಂದಿನ ವರ್ಷ ಚಿಕ್ಕಮಗಳೂರಿಗೆ ಹೋಗಲಿ, ಶಿರಸಿಗೆ ಹೋಗಲಿ, ಉಳಿದ ಪ್ರಶ್ನೆಗಳನ್ನು ಬೇಕಾದಂತೆ ಬದಲಿಸಿಕೊಳ್ಳಲಿ. ಆದರೆ ನಾಲ್ಕು ಪ್ರಶ್ನೆಗಳ ಒಂದು ಅಕ್ಷರವನ್ನೂ ಬದಲಿಸಬಾರದು: ಬಂದ ಕಾರಣ, ಅದು ಸಿಕ್ಕಿತೇ, ಮಾತು ಕೇಳಿಸಿತೇ, ಸಹೋದ್ಯೋಗಿಗೆ ಹೇಳುತ್ತೀರಾ. ಸೇರಿನಲ್ಲಿ ಅಳೆದ ಹೋದ ವರ್ಷದ ಭತ್ತವನ್ನು ಈ ವರ್ಷ ಕೊಳಗದಲ್ಲಿ ಅಳೆದರೆ ಹೆಚ್ಚಿತೋ ತಗ್ಗಿತೋ ಹೇಳಲು ಬರುವುದಿಲ್ಲ.